ಪ್ರಬಂಧ ಬರೆಯೋಕೆ ಬರಲ್ಲ ಅಂದಿದ್ರಲ್ಲ ಅತ್ತಿಗೆ, ಅದಕ್ಕೆ

ಅತ್ತಿಗೆ, ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ ಅಂತ ವಾಯ್ಸ್ ಹಾಕ್ತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ, ಕೆಲಸ ಮಾಡ್ತಾನೇ ಕೇಳಿ. ಪುಟ್ಟಿ ಮಾತಲ್ಲಿ ಜೋರು, ಪ್ರಬಂಧ ಅಂದ್ರೆ ನಾಲ್ಕು ಸಾಲಿಗೇ ನಿಂತುಬಿಡ್ತಾಳೆ, ಟ್ಯೂಷನ್‌ಗೆ ಹಾಕ್ಲಾ ಅಂತ ಕೇಳಿದ್ರಿ. ಅದಕ್ಕೆ ಚಿಕ್ಕಪ್ಪ, ಸ್ಕೂಲಲ್ಲಿ ಲೈಬ್ರರಿ ಇದ್ಯಲ್ಲ, ಓದ್ಲಿ, ಬರವಣಿಗೆ ತಾನಾಗೇ ಬರುತ್ತೆ ಅಂದ್ರು. ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ, ನೀವು ಹೇಳಿದ್ದರಲ್ಲಿ ಲೈಬ್ರರಿ ಅನ್ನೋದು ಸರಿ, ತಾನಾಗೇ ಅನ್ನೋದನ್ನ ಒಪ್ಪಲ್ಲ. ಬರೀ ಓದಿದ್ರೆ ಪದ ಸೇರುತ್ತೆ, ವಾಕ್ಯದ ಓಟ ಕಿವಿಗೆ ಹತ್ತುತ್ತೆ, ಅದು ನಿಜ. ಆದ್ರೆ ಓದಿದ್ದು ಕೈಗೆ ಇಳಿಯೋಕೆ ಯಾರಾದ್ರೂ ದಾರಿ ಮಾಡಿಕೊಡ್ಬೇಕು.

ನಾಲ್ಕು ಸಾಲಿಗೆ ನಿಲ್ಲೋ ಮಕ್ಕಳಿಗೆ ಬಹಳ ಸಲ ಭಾಷೆ ಕಮ್ಮಿ ಇರಲ್ಲ, ಸರಕು ಕಮ್ಮಿ ಇರುತ್ತೆ. 'ಜೇನುನೊಣ' ಅಂತ ವಿಷಯ ಕೊಟ್ಟು ತಕ್ಷಣ ಬರಿ ಅಂದ್ರೆ ನಾನೂ ನೀವೂ ಏನು ಬರೀತೀವಿ ಹೇಳಿ? ಲೈಬ್ರರಿ ಪೀರಿಯಡ್ ಒಂದು ಕಡೆ, ಪ್ರಬಂಧದ ಪೀರಿಯಡ್ ಇನ್ನೊಂದು ಕಡೆ, ಎರಡಕ್ಕೂ ಸಂಬಂಧಾನೇ ಇರಲ್ಲ. ಭಾಷೆ ಮೇಷ್ಟ್ರು ವಿಷಯ ಏನು ಅಂತ ಒಂದು ವಾರ ಮುಂಚೆ ಲೈಬ್ರರಿಯವರಿಗೆ ಹೇಳಿದ್ರೆ, ಅವರು ಮೇಜಿನ ಮೇಲೆ ಅದೇ ವಿಷಯದ ಒಂದು ವಿಶ್ವಕೋಶ, ಒಂದು ಕಥೆ, ಪೇಪರ್ ಕಟಿಂಗ್ ಎಲ್ಲ ತೆಗೆದಿಡಬಹುದು. ಒಂದೇ ವಿಷಯಾನ ಮೂರು ಜನ ಮೂರು ಥರ ಬರೆದಿದ್ದು ಕಣ್ಣಿಗೆ ಬೀಳ್ಬೇಕು, ಆಗಲೇ ಮಗೂಗೆ 'ಓ, ಹೀಗೂ ಶುರು ಮಾಡಬಹುದಾ' ಅನ್ಸೋದು. ಆಮೇಲೆ ಪುಸ್ತಕ ಮುಚ್ಚಿಟ್ಟು ಬರೀಬೇಕು. ತೆರೆದಿದ್ರೆ ಕೈ ನಕಲು ಮಾಡುತ್ತೆ ಅಷ್ಟೆ.

ಇದೇನೂ ನನ್ನ ಸ್ವಂತ ಬುದ್ಧಿ ಅಲ್ಲ. ಅಮೆರಿಕದ ಹಳೇ ಕಾಲದ ದೊಡ್ಡ ನಾಯಕ, ಬರಹಗಾರ ಬೆಂಜಮಿನ್ ಫ್ರಾಂಕ್ಲಿನ್ ಹುಡುಗ ಆಗಿದ್ದಾಗ ಬರವಣಿಗೆ ಕಲ್ತಿದ್ದು ಹೀಗೇ. ಇಷ್ಟವಾದ ಒಂದು ಪತ್ರಿಕೆಯ ಲೇಖನ ತಗೊಂಡು, ಒಂದೊಂದು ವಾಕ್ಯಕ್ಕೂ ಚಿಕ್ಕ ಟಿಪ್ಪಣಿ ಮಾಡ್ಕೊಂಡು, ಕೆಲವು ದಿನ ಪಕ್ಕಕ್ಕಿಟ್ಟು, ಆಮೇಲೆ ಬರೀ ಟಿಪ್ಪಣಿ ನೋಡಿ ಇಡೀ ಲೇಖನ ತಾನೇ ಬರೀತಿದ್ದ. ಬರೆದು ಮೂಲದ ಜೊತೆ ಹೋಲಿಸಿ ತಿದ್ಕೊಳ್ತಿದ್ದ. ಕೆಲವು ಸಲ ಟಿಪ್ಪಣಿಗಳನ್ನ ಬೇಕೂಂತಲೇ ಕಲಸಿಹಾಕಿ, ವಾರಗಳಾದ ಮೇಲೆ ಕ್ರಮಕ್ಕೆ ತರ್ತಿದ್ದ, ಯಾವ ಮಾತು ಮೊದಲು ಯಾವುದು ಆಮೇಲೆ ಅನ್ನೋದು ತಿಳೀಲಿ ಅಂತ. ಅದೇ ಮನುಷ್ಯ ದೊಡ್ಡವನಾಗಿ 1731ರಲ್ಲಿ ಗೆಳೆಯರ ಜೊತೆ ಸೇರಿ ಫಿಲಡೆಲ್ಫಿಯಾದಲ್ಲಿ ಚಂದಾ ಕಟ್ಟೋ ಲೈಬ್ರರಿ ಶುರು ಮಾಡಿದ್ದು. ಪುಟ್ಟಿಗೆ ಇಡೀ ಲೇಖನ ಬೇಡ, ಒಂದು ಪ್ಯಾರಾದಲ್ಲಿ ಮಾಡಿಸಿ ನೋಡಿ. ಹೋಲಿಸಿ ನೋಡೋದನ್ನ ಮಾತ್ರ ಬಿಡಬೇಡಿ, ಕಲಿಯೋದೇ ಅಲ್ಲಿ.

ಇನ್ನೊಂದು, ಎಷ್ಟೋ ಕಡೆ ಬೀರುವಿಗೆ ಬೀಗ ಇರುತ್ತೆ, ಪುಸ್ತಕ ಹಾಳಾಗುತ್ತೆ ಅಂತ. ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1931ರಲ್ಲಿ ಲೈಬ್ರರಿಗೆ ಅಂತ ಐದು ಸೂತ್ರ ಕೊಟ್ರಲ್ಲ, ಅದರಲ್ಲಿ ಮೊದಲನೇದೇ ಪುಸ್ತಕ ಇರೋದು ಬಳಸೋಕೆ ಅಂತ! ಮಕ್ಕಳು ತಾವೇ ಕೈ ಹಾಕಿ ಹುಡುಕ್ಬೇಕು. ಹಾಗೇ ಓದಿದ ಪ್ರತಿ ಪುಸ್ತಕಕ್ಕೂ ಸಾರಾಂಶ ಬರ್ಕೊಂಡು ಬಾ ಅನ್ನೋದನ್ನ ನಿಲ್ಲಿಸಿದ್ರೆ ಒಳ್ಳೇದು. ಮಕ್ಕಳೇನು ದಡ್ಡರಾ, ಎಲ್ಲಕ್ಕಿಂತ ತೆಳ್ಳಗಿರೋ ಪುಸ್ತಕ ಹುಡುಕಿ, ಹಿಂದಿನ ರಟ್ಟಲ್ಲಿ ಇರೋದನ್ನ ಇಳಿಸಿಕೊಡ್ತಾರೆ. ಅದರ ಬದಲು ಇಷ್ಟವಾದ ಒಂದು ವಾಕ್ಯ ಬರ್ಕೊಂಡು, ಯಾಕೆ ಇಷ್ಟ ಆಯ್ತು ಅಂತ ಎರಡು ಸಾಲು ಸಾಕು.

ನನಗೆ ಬಹಳ ಇಷ್ಟವಾದ ಉಪಾಯ ಅಂದ್ರೆ ಮಕ್ಕಳು ಬರೆದಿದ್ದನ್ನೇ ಲೈಬ್ರರಿಯಲ್ಲಿಡೋದು. ಗೋಡೆ ಪತ್ರಿಕೆ ಇದ್ದಿದ್ದೇ. ಕೈಬರಹದ ಪುಸ್ತಕ ಹೊಲಿದು, ರಿಜಿಸ್ಟರಲ್ಲಿ ಬೇರೆ ಪುಸ್ತಕದ ಹಾಗೇ ನಂಬರ್ ಕೊಟ್ಟು, ಬೇರೆ ಮಕ್ಕಳಿಗೆ ಮನೆಗೆ ಕೊಟ್ಟು ಕಳಿಸ್ಬೇಕು. ಮೇಷ್ಟ್ರೊಬ್ಬರೇ ಓದ್ತಾರೆ ಅಂದ್ರೆ ಮಾರ್ಕ್ಸಿಗೆ ಎಷ್ಟು ಬೇಕೋ ಅಷ್ಟೇ ಬರೀತಾರೆ. ಪಕ್ಕದ ಕ್ಲಾಸಿನವಳು ಓದಿ, ನಿನ್ನ ಕಥೆಯಲ್ಲಿ ಆ ನಾಯಿ ಆಮೇಲೆ ಏನಾಯ್ತು ಅಂತ ಕೇಳಿದ್ರೆ, ಮುಂದಿನ ಸಲ ಅದನ್ನ ಯಾರೂ ಹೇಳದೇನೇ ಬರೀತಾಳೆ.

ಟ್ಯೂಷನ್ ವಿಷಯ ಈಗಲೇ ಬೇಡ ಅತ್ತಿಗೆ. ಪೇರೆಂಟ್ಸ್ ಮೀಟಿಂಗಲ್ಲಿ ಲೈಬ್ರರಿ ನೋಡ್ಕೊಳ್ಳೋರನ್ನೇ ಹುಡುಕಿ ಮಾತಾಡಿ, ಅವರ ಹತ್ರ ಯಾರೂ ಹೋಗಿ ಮಾತಾಡಲ್ಲ ಪಾಪ. ಪುಟ್ಟಿಗೆ ಎಂಥ ಪುಸ್ತಕ ಇಷ್ಟ ಅಂತ ಅವಳನ್ನೇ ಒಂದು ವಾಯ್ಸ್ ಹಾಕೋಕೆ ಹೇಳಿ, ಪಟ್ಟಿ ನಾನು ಕಳಿಸ್ತೀನಿ.