ಅಪ್‌ಡೇಟ್: ಹಬ್ಬಕ್ಕೆ ಹೋದ ಬೇಕರಿ ಹುಡುಗರು ವಾಪಸ್ ಬಂದರು

ಹಬ್ಬಕ್ಕೆ ಊರಿಗೆ ಹೋದ ಹುಡುಗರು ವಾಪಸ್ ಬರುವುದಿಲ್ಲ, ಸಂಬಳ ಜಾಸ್ತಿ ಮಾಡಿದರೂ ನಿಲ್ಲುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ಸುಮಾರು ಜನ ಇಎಸ್‌ಐ (ನೌಕರರಿಗೆ, ಅವರ ಮನೆಯವರಿಗೆ ಚಿಕಿತ್ಸೆ ಕೊಡಿಸುವ ಸರ್ಕಾರಿ ವಿಮೆ) ಮಾಡಿಸಿ ಅಂದಿರಿ. ಈಗ ಕೆಲಸದವರೇ ಹತ್ತು ಜನ ಆಗಿರುವುದರಿಂದ ಅದು ಕಡ್ಡಾಯವೂ ಹೌದು. ಮಾಡಿಸಿದೆ. ಸಂಬಳದಲ್ಲಿ ಹುಡುಗರ ಪಾಲು 0.75%, ನಮ್ಮದು 3.25%. ಮೊದಲು ಗೊಣಗಿದರು. ಪಫ್ ಮಾಡುವವನ ತಾಯಿಗೆ ಅದರಲ್ಲೇ ಚಿಕಿತ್ಸೆ ಸಿಕ್ಕಮೇಲೆ ಸುಮ್ಮನಾದರು.

ಆದರೆ ಜಾಸ್ತಿ ಕೆಲಸಕ್ಕೆ ಬಂದದ್ದು ಗೋಡೆಗೆ ಅಂಟಿಸಿದ ರಜೆ ಪಟ್ಟಿ. ಬೆಳಗಿನ ಜಾವ ಹಿಟ್ಟು ಕಲಸುವ ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ. ಯಾರು ಯಾವ ಹಬ್ಬಕ್ಕೆ ಹೋಗಬೇಕು ಅಂತ ಅವರವರೇ ಮಾತಾಡಿಕೊಂಡು ಹೆಸರು ಬರೆಯುತ್ತಾರೆ. ನಾನು ತಲೆ ಹಾಕುವುದಿಲ್ಲ. ಓವನ್ ನೋಡಿಕೊಳ್ಳುವ ಮಾಸ್ಟರ್ ಮಾತ್ರ ಇನ್ನೂ ಮುನಿಸಿಕೊಂಡಿದ್ದಾರೆ. ಅವರಿಗೆ ಯುಗಾದಿಯೂ ಬೇಕು, ಗೌರಿ ಹಬ್ಬವೂ ಬೇಕು!