ಸಹಾಯ ಬೇಕು: ಇಂಗ್ಲಿಷಲ್ಲಿ ‘ಆ್ಯಂಡ್’ ಹಿಂದೆ ಕಾಮಾ ಹಾಕ್ಬೇಕಾ ಬೇಡ್ವಾ?

ನಮಸ್ಕಾರ ಎಲ್ರಿಗೂ, ಇಂಗ್ಲಿಷ್ ಮೇಷ್ಟ್ರು, ಎಡಿಟಿಂಗ್ ಮಾಡೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ. ಆಫೀಸಲ್ಲಿ ಕ್ಲೈಂಟ್‌ಗೆ ಹೋಗೋ ರಿಪೋರ್ಟೆಲ್ಲ ನಾನೇ ಚೆಕ್ ಮಾಡ್ಬೇಕು, ‘ರೈಸ್, ಶುಗರ್, ಆ್ಯಂಡ್ ಆಯಿಲ್’ ಅಂತ ಬಂದ್ರೆ ಒಬ್ರು ಆ ಕೊನೇ ಕಾಮಾ ತೆಗೀರಿ ಅಂತಾರೆ ಇನ್ನೊಬ್ರು ಅಮೆರಿಕದ ಕ್ಲೈಂಟು ಇರ್ಲೇಬೇಕು ಅಂತಾರೆ, ಮಧ್ಯ ನನ್ನ ತಲೆ ಚಿಟ್ಟು ಹಿಡೀತಿದೆ. ಬ್ರಿಟಿಷ್ ಪೇಪರ್‌ಗಳು ಸಾಮಾನ್ಯವಾಗಿ ಹಾಕಲ್ಲ, ಅಮೆರಿಕದ ಪುಸ್ತಕಗಳಲ್ಲಿ ಇರತ್ತೆ, ಅಷ್ಟು ಗೊತ್ತು. ಇದೇನು ಚಿಲ್ರೆ ವಿಷ್ಯ ಅಲ್ಲ ಮತ್ತೆ, ಅಮೆರಿಕದ ಮೇನ್ (Maine) ಅನ್ನೋ ರಾಜ್ಯದ ಓವರ್‌ಟೈಮ್ ಕಾನೂನಲ್ಲಿ ಈ ಒಂದು ಕಾಮಾ ಇಲ್ದೇ ಅರ್ಥ ಗೊಂದಲ ಆಗಿ 2017ರಲ್ಲಿ ಮೇಲ್ಮನವಿ ಕೋರ್ಟು ಓಕ್‌ಹರ್ಸ್ಟ್ ಅನ್ನೋ ಡೇರಿಯ ಡ್ರೈವರ್‌ಗಳ ಕಡೆ ತೀರ್ಪು ಕೊಡ್ತು, ಡೇರಿಯವರು ಆಮೇಲೆ 50 ಲಕ್ಷ ಡಾಲರ್‌ಗೆ ರಾಜಿ ಮಾಡ್ಕೊಂಡ್ರು!

ಇನ್ನೊಂದು ಡೌಟು. ‘ಮೈ ಬ್ರದರ್, ಹೂ ಲಿವ್ಸ್ ಇನ್ ಮೈಸೂರು, ಈಸ್ ಎ ಡಾಕ್ಟರ್’ ಅಂದ್ರೆ ಇರೋದೇ ಒಬ್ಬ ಅಣ್ಣ, ಕಾಮಾ ತೆಗೆದ್ರೆ ಬೇರೆ ಅಣ್ತಮ್ಮಂದಿರೂ ಇದಾರೆ, ಮೈಸೂರಲ್ಲಿರೋನು ಡಾಕ್ಟ್ರು ಅಂತಾಗತ್ತಂತೆ. ರೂಲು ಸರಿ, ಆದ್ರೆ ರಿಪೋರ್ಟಲ್ಲಿ ‘ದಿ ವೆಂಡರ್ಸ್ ಹೂ ಡಿಲೇಡ್’ ಅಂತ ಬಂದಾಗ ಎಲ್ಲಾ ವೆಂಡರ್‌ಗಳಾ, ಕೆಲವ್ರಾ ಅಂತ ಬರ್ದೋರನ್ನೇ ಕೇಳ್ಬೇಕಾ, ನೀವೆಲ್ಲ ಹೇಗೆ ಮಾಡ್ತೀರಾ? ಉದಾಹರಣೆ ಜಾಸ್ತಿ ಇರೋ, ಗ್ರಾಮರ್ ಹೆಸರುಗಳು ಕಮ್ಮಿ ಇರೋ ಪುಸ್ತಕ ಇದ್ರೂ ಹೇಳಿ ಪ್ಲೀಸ್, ಕನ್ನಡದಲ್ಲಿ ವಿವರಿಸಿದ್ರೆ ಇನ್ನೂ ಒಳ್ಳೇದು.