ವಚನ ಸಮೂಹ ಗಾಯನ: ಕಡೀ ನುಡಿಗೆ ಬರೂದ್ರಾಗ ಸೂರು (ಶ್ರುತಿ) ಇಳೀತೈತಿ, ಏನ್ ಮಾಡೂದು?

ಬಾಗಲಕೋಟಿ_ಬಳಗ:
22 ಮಂದಿ ಅದೀವಿ, 14 ಹೆಣ್ಣುಮಕ್ಕಳು, 8 ಗಂಡಸರು. ಬಸವ ಜಯಂತಿಗೆ ಭೂಪ ರಾಗದಾಗ ಒಂದು ವಚನ ಕೂಡಿಸೇವಿ. ಪೇಟಿ (ಹಾರ್ಮೋನಿಯಂ) ಮ್ಯಾಲಿನ ಕರಿ ಒಂದರಾಗ, ಅಂದ್ರ ಮೊದಲನೇ ಕರಿ ಮಣಿಗೆ ಸಾ ಇಟ್ಟು, ಸುರು ಮಾಡಿದ್ರ ಮುಗಿಯೂದ್ರಾಗ ಅರ್ಧಸ್ವರ ಇಳದು ಬಿಳಿ ಒಂದಕ್ಕ ಬಂದಿರ್ತೈತಿ. ತಾರ ಗಂಧಾರಕ್ಕ (ಮ್ಯಾಲಿನ ಸಪ್ತಕದ ಗ) ಹೆಣ್ಣುಮಕ್ಕಳು ಚೀರ್ತಾರ. ಎರಡು ಧ್ವನಿ ಮಾಡಿ ಹಾಡಸಬೇಕಂತನೂ ಐತಿ. ದಾರಿ ಹೇಳ್ರಿ.

ಗೋಳಗುಮ್ಮಟ_ಪೇಟಿ:
ಮೊದಲ ಪಟ್ಟಿ, ಅಂದ್ರ ಸಾ ಇಡೂ ಮಣಿ, ಬದಲ ಮಾಡ್ರಿ. ಧಾಟಿಯೊಳಗ ಎಲ್ಲಕ್ಕಿಂತ ಕೆಳಗಿನ ಸ್ವರ ಯಾವುದು, ಮ್ಯಾಲಿಂದು ಯಾವುದು, ಬರದ ಇಟ್ಕೋರಿ. ಮಂದ್ರ ಧೈವತದಿಂದ (ಕೆಳಗಿನ ಸಪ್ತಕದ ಧ) ತಾರ ಗಂಧಾರದ ತನಕ ಹೋಗೂದಿದ್ರ ಕರಿ ಒಂದು ಹೆಣ್ಣುಮಕ್ಕಳಿಗೆ ಎತ್ತರ ಆತು. ಅಲ್ಲಿಂದ ಮೂರು ಅರ್ಧಸ್ವರ ಇಳದು, ಕೆಳಗಿನ ಸಪ್ತಕದ ಕರಿ ಐದಕ್ಕ ಸಾ ಇಡ್ರಿ. ಗಂಡಸರು ಒಂದು ಸಪ್ತಕ ಕೆಳಗ. ಮಂದ್ರ ಧೈವತ ಸಿಗಲಾರದ ಗಂಡಸರು ಅಲ್ಲಿ ಬಾಯಿ ಮುಚ್ಚಿದ್ರೂ ನಡೀತೈತಿ, ಯಾರಿಗೂ ಗೊತ್ತಾಗಂಗಿಲ್ಲ.

ಶಹಾಪುರ_ತಂಬೂರಿ (ಬೆಳಗಾವಿ):
ಪಟ್ಟಿ ಸರಿ ಮಾಡಿದರೂ ಸೂರು ಇಳಿಯುವುದು ಪೂರ್ತಿ ನಿಲ್ಲುವುದಿಲ್ಲ. ಎಲ್ಲಿ ಇಳಿಯುತ್ತದೆ ಅಂತ ಹುಡುಕಬೇಕು. ಪೇಟಿ ಇಲ್ಲದೆ ಹಾಡಿಸಿ, ಪ್ರತಿ ಸಾಲಿನ ಕೊನೆಗೆ ನಿಲ್ಲಿಸಿ ಸಾ ಒತ್ತಿ ನೋಡಿ. ಸಾಮಾನ್ಯವಾಗಿ ಮೂರು ಜಾಗ: ಪ-ಗ-ರೇ ಇಳಿಯುವಾಗ ಬೇಕಾದ್ದಕ್ಕಿಂತ ಹೆಚ್ಚು ಜಾರುವುದು, ಸಾ ಬಿಟ್ಟು ಗಂಧಾರಕ್ಕೆ ಜಿಗಿಯುವಾಗ ಪೂರ್ತಿ ಮುಟ್ಟದಿರುವುದು, ಒಂದೇ ಸ್ವರದ ಮೇಲೆ ನಾಲ್ಕೈದು ಅಕ್ಷರ ಬಂದಾಗ ಕುಸಿಯುವುದು. ವಚನದಲ್ಲಿ ಮಾತು ಹೆಚ್ಚು, ಹಾಗಾಗಿ ಮೂರನೆಯದೇ ದೊಡ್ಡ ಕಾಟ. ಆ ಸಾಲನ್ನು ಬರೇ "ನೂ" ಎಂದು ನಿಧಾನ ಹಾಡಿಸಿ, ಆಮೇಲೆ ಮಾತು ಕೂಡಿಸಿ.

ಅಭ್ಯಾಸಕ್ಕೆ ತಂಬೂರಿಯೇ ಇರಲಿ. ಪೇಟಿಯ ಗಂಧಾರ ತಂಬೂರಿಯ ಗಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ (ಒಂದು ಅರ್ಧಸ್ವರ ಅಂದರೆ 100 ಸೆಂಟ್). ಎರಡನ್ನೂ ಕೂಡಿಸಿದರೆ ಅರ್ಧ ಮಂದಿ ಒಂದರ ಹಿಂದೆ, ಇನ್ನರ್ಧ ಮತ್ತೊಂದರ ಹಿಂದೆ.

ಉಸಿರು ಎಲ್ಲರೂ ಒಮ್ಮೆಲೇ ತಗೋಬಾರದು. ಪಕ್ಕದವರು ತಗೊಂಡಾಗ ನೀವು ತಗೋಬೇಡಿ, ಶಬ್ದದ ನಡುವೆ ಮೆಲ್ಲಗೆ ಹಾಡು ಬಿಟ್ಟು, ಉಸಿರು ತಗೊಂಡು, ಮೆಲ್ಲಗೆ ಸೇರಿಕೊಳ್ಳಿ.

ಇಳಕಲ್_ಸೀರಿ:
ಎರಡು ಧ್ವನಿ ಅಂತ ಪಾಶ್ಚಾತ್ಯರಂಗ ಪ್ರತಿ ಸ್ವರದ ಮ್ಯಾಲ ಅದರಿಂದ ಮೂರನೇ ಸ್ವರ ಜೋಡಿಸಾಕ ಹೋಗಬ್ಯಾಡ್ರಿ. ರಿಷಭದ ಮ್ಯಾಲ ಮಧ್ಯಮ ಬರ್ತೈತಿ, ಪಂಚಮದ ಮ್ಯಾಲ ನಿಷಾದ. ಭೂಪದಾಗ ಎರಡೂ ವರ್ಜ್ಯ, ಅಂದ್ರ ಹಾಡಂಗಿಲ್ಲ. ರಾಗನ ಕೆಟ್ಟ ಹೋಗ್ತೈತಿ. ಗಂಡಸರಿಗೆ ಸಾ-ಪ ಹಿಡಿಸ್ರಿ, ಅಷ್ಟಾ ಸಾಕು.

ಇಲ್ಲಾ ಒಂದು ಗುಂಪು ತಾಳದ ಒಂದು ಆವರ್ತನ (ಸುತ್ತು), ಅಂದ್ರ ಕೇರವಾ ತಾಳದ 8 ಮಾತ್ರಾ, ತಡದು ಅದಾ ಸಾಲು ಹಾಡ್ಲಿ. ಭೂಪದಾಗ ಅರ್ಧಸ್ವರದ ತಿಕ್ಕಾಟ ಇಲ್ಲ, ಹಿಂಗಾಗಿ ಒಂದರ ಮ್ಯಾಲೊಂದು ಬಂದ್ರೂ ಕಿವಿಗೆ ಚುಚ್ಚಂಗಿಲ್ಲ. ಆದ್ರ ಇದು "ಕೂಡಲಸಂಗಮದೇವಾ" ಅನ್ನೂ ಅಂಕಿತದ ಸಾಲಿಗೆ ಮಾತ್ರ ಇರ್ಲಿ. ಅದು ಎಲ್ಲಾರಿಗೂ ಬಾಯಿಪಾಠ. ಉಳದ ಸಾಲಿಗೆ ಮಾಡಿದ್ರಿ ಅಂದ್ರ ವಚನದ ಒಂದು ಮಾತೂ ತಿಳಿಯಂಗಿಲ್ಲ. ಕಡೀಕ "ವಾ" ಯಾವಾಗ ಬಿಡೂದು ಅನ್ನೂದಕ್ಕ ಒಬ್ಬರ ಕೈ ನೋಡ್ರಿ.

ಬಾಗಲಕೋಟಿ_ಬಳಗ:
ಭಾರಿ ಆತ್ರಿ. ಮೈಕ್ ಎರಡಾ ಅದಾವ, ನಡೀತೈತೇನು?

ಗೋಳಗುಮ್ಮಟ_ಪೇಟಿ:
ಎರಡಾ ಛಲೋ. ಮುಂದಿನ ಸಾಲಿನಿಂದ 1 ಮೀಟರ್ ದೂರ ಇಟ್ಟ್ರ ಮೈಕ್ ಮೈಕಿನ ನಡುವ 3 ಮೀಟರ್ ಬಿಡ್ರಿ, ಇಲ್ಲಂದ್ರ ಒಂದಾ ದನಿ ಎರಡೂ ಕಡೆ ಹೊಕ್ಕು ಟೊಳ್ಳ ಕೇಳಸ್ತೈತಿ. ಸ್ಟೇಜ್ ಮ್ಯಾಲಿನ ಸ್ಪೀಕರಿಗೆ ತಂಬೂರಿ ಅಷ್ಟಾ ಕೊಡ್ರಿ, ಹಾಡೂ ದನಿ ಬ್ಯಾಡ.